ಕರೆಂಟಿಗೆ ಬಿಟ್ಟ ಬಾಗಿಲು

ನವೆಂಬರ್ ಹದಿನಾಲ್ಕು, ಶುಕ್ರವಾರ, ಬೆಳಗ್ಗೆ ಹನ್ನೊಂದೂಕಾಲು. ಮದ್ದೂರಿನ ನಮ್ಮ ಆಫೀಸಿನ ಕಂಪ್ಲೇಂಟ್ ಫೋನು ಬಡಿದುಕೊಂಡಿತು. ಎತ್ತಿದೆ. ಆ ಕಡೆಯ ಹೆಂಗಸು ಹೆಸರನ್ನೂ ಹೇಳಲಿಲ್ಲ, ಊರನ್ನೂ ಹೇಳಲಿಲ್ಲ. "ನಮ್ ಕ್ಯಾಮೆರಾ ತಾನೇ ತಾನಾಗಿ ಕತ್ತು ತಿರುಗ್ಸತದೆ ಕಣವ್ವ. ಯಾರಾನ ಬಂದು ನೋಡ್ರಿ" ಎಂದರು.

ಆ ಚಳಿಗಾಲವನ್ನು ಬರೆದಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡು ಬಿಟ್ಟಿದ್ದೆ. ಹೋದ ವಾರ ಬಸರಾಳು ಕಡೆಯ ಒಂದು ಮನೆಗೆ ಲೈನು ಸರಿಮಾಡಲು ಹೋದಾಗ ಬಿಡಲು ಆಗಲಿಲ್ಲ. ಹಿತ್ತಲಲ್ಲಿ ರೇಷ್ಮೆ ಹುಳುಮನೆ ಇತ್ತು. ಬಾಗಿಲು ತೆರೆದಿತ್ತು. ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪು, ಎರಚಿದ ಸುಣ್ಣ, ಹುಳುವಿನ ಹಿಕ್ಕೆ, ಮೂರೂ ಕಲೆತ ಬೆಚ್ಚಗಿನ ವಾಸನೆ ಮುಖಕ್ಕೆ ಬಂತು. ವೈರು ಹಿಡಿದಿದ್ದ ಕೈ ಹಾಗೇ ನಿಂತಿತು. ನಾನು ಮೊದಲು ನೋಡಿದ್ದು ಗೋಡೆಯ ಮೂಲೆಯನ್ನು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಆದರೂ ಆ ಮನೆಯಲ್ಲಿ ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿಯಲಾಗದೆ ಎದ್ದುಬಂದೆ.

ನನ್ನ ಹೆಸರು ಸೌಮ್ಯ. ಮಂಡ್ಯದಿಂದ ಬರುವ ದೊಡ್ಡ ಲೈನನ್ನು ಮದ್ದೂರು, ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಿಗೆ, ಬಸರಾಳು ಕಡೆಗೂ ಹಂಚುವ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸ. ಸ್ಕೂಟರಿನ ಹಿಂದೆ ಏಣಿ ಕಟ್ಟಿಕೊಂಡು ಮನೆಮನೆಗೆ ಹೋಗುತ್ತೇನೆ. ಪಿಯುಸಿಯಿಂದ ದಿನಚರಿ ಬರೆಯುವ ಅಭ್ಯಾಸ. ಯಾವ ದಿನ ಯಾವ ಊರು, ಎಷ್ಟು ಕಂಪ್ಲೇಂಟು, ಎಷ್ಟು ಸರಿಯಾಯಿತು, ಎಲ್ಲಕ್ಕೂ ಲೆಕ್ಕ ಇಡುತ್ತೇನೆ. ಆ ನವೆಂಬರ್–ಡಿಸೆಂಬರಿನ ಪುಟಗಳಲ್ಲಿ ಸರಿಯಾಗದೆ ಉಳಿದ ಕಂಪ್ಲೇಂಟು ಒಂದೇ.

ಆಫೀಸಿನಲ್ಲಿ ನಾವು ಮೂವರು. ಶಿವಲಿಂಗಣ್ಣ ಎಲ್ಲರಿಗಿಂತ ಹಳಬರು. ಕಂಪನಿ ಬರೀ ಕೇಬಲ್ ಟಿವಿ ಕೊಡುತ್ತಿದ್ದ ಕಾಲದಿಂದ ಇದ್ದವರು. ನಂದೀಶ ಮ್ಯಾನೇಜರು, ಇಂಜಿನಿಯರಿಂಗ್ ಮುಗಿಸಿ ಬಂದವನು. ಇಬ್ಬರಿಗೂ ದಿನಾ ಒಂದೇ ಜಗಳ. ಪ್ರತಿ ಟವರಿನಲ್ಲೂ ಒಂದು ರೂಟರ್ ಇರುತ್ತದೆ. ಯಾವ ಮನೆಯ ಲೈನು ಯಾವ ದಾರಿಯಲ್ಲಿ ಹೋಗಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ. ಅದರ ಜೊತೆ ಮಾತಾಡಲು ಎರಡು ದಾರಿ. ಒಂದು, ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಟೈಪ್ ಮಾಡುವುದು. ಇನ್ನೊಂದು, ಬ್ರೌಸರಿನಲ್ಲಿ ಅದರ ಪುಟ ತೆರೆದು ಬಟನ್ ಒತ್ತುವುದು. ಶಿವಲಿಂಗಣ್ಣನದು ಕಪ್ಪು ಪರದೆ. ನಂದೀಶನದು ಪುಟ, ಅದೂ ಮೊಬೈಲಿನಲ್ಲಿ, ಕಾಫಿ ಕುಡಿಯುತ್ತ.

"ಅಣ್ಣೋ, ಇನ್ನೂ ಟಪಟಪ ಅಂತ ಕುಟ್ಟತಾ ಕೂತಿದ್ದೀಯಲ್ಲ, ನಿನ್ ಕಾಲ ಮುಗೀತು" ಎಂದು ನಂದೀಶ ಕೆಣಕುತ್ತಿದ್ದ.

"ನಿನ್ ಪುಟ ಮದ್ವೆ ಗಂಡಿನ ಫೋಟೋ ಇದ್ದಂಗೆ ಕಣ್ಲಾ. ಚೆಂದಾಗಿರೋದ್ನ ಮಾತ್ರ ತೋರಸ್ತದೆ" ಎನ್ನುತ್ತಿದ್ದರು ಶಿವಲಿಂಗಣ್ಣ.

ಶಿವಲಿಂಗಣ್ಣನಿಗೆ ಒಂದು ಪದ್ಧತಿ ಇತ್ತು. ಕಪ್ಪು ಪರದೆಯಲ್ಲಿ ಏನೇ ಬದಲಿಸಿದರೂ ಅದು ಕೂಡಲೇ ಜಾರಿಗೆ ಬರುತ್ತದೆ, ಆದರೆ ಸೇವ್ ಮಾಡು ಎಂದು ಪ್ರತ್ಯೇಕವಾಗಿ ಹೇಳುವವರೆಗೂ ಪೆಟ್ಟಿಗೆ ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಕರೆಂಟು ಹೋಗಿ ಬಂದರೆ ಹಳೆಯದಕ್ಕೇ ಮರಳುತ್ತದೆ. ನಮ್ಮ ಕಡೆ ಕರೆಂಟು ದಿನಕ್ಕೊಮ್ಮೆಯಾದರೂ ಹೋಗಿಯೇ ಹೋಗುತ್ತದೆ. ಹಳೆಯ ಟವರುಗಳ ಬ್ಯಾಟರಿ ಹೆಸರಿಗಷ್ಟೇ. ಹಾಗಾಗಿ ತಾತ್ಕಾಲಿಕವಾಗಿ ಏನಾದರೂ ಮಾಡಿದರೆ ಅವರು ಸೇವ್ ಮಾಡುತ್ತಿರಲಿಲ್ಲ, ಅಳಿಸುತ್ತಲೂ ಇರಲಿಲ್ಲ. "ಕರೆಂಟಿಗೆ ಬಿಟ್ಟಿವ್ನಿ" ಎನ್ನುತ್ತಿದ್ದರು. ತಪ್ಪಾಗಿದ್ದರೆ ಕರೆಂಟೇ ಒರೆಸಿಹಾಕುತ್ತದೆ. ಅವರ ಕೈಕೆಳಗೆ ಕೆಲಸ ಕಲಿತವರೆಲ್ಲ ಹಾಗೇ ಮಾಡುತ್ತಿದ್ದರು. ನಾನೂ.

ಫೋನು ಮಾಡಿದ್ದವರು ಜಯಮ್ಮ ಎಂದು ನಂಬರಿನಿಂದ ಗೊತ್ತಾಯಿತು. ಮಳವಳ್ಳಿ ರಸ್ತೆಯಿಂದ ಒಳಗಿರುವ ಒಂದು ಹಳ್ಳಿ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದು ಹುಳು ಸಾಕುತ್ತಿದ್ದರು. ಹಿಂದಿನ ಬೆಳೆಯಲ್ಲಿ ಹುಳುಮನೆಯಿಂದ ಗೂಡು ಕಳುವಾದ ಮೇಲೆ ಆ ಕ್ಯಾಮೆರಾ ಹಾಕಿಸಿದ್ದರು. ನಂದೀಶ ಮೊಬೈಲಿನಲ್ಲಿ ಅವರ ಮನೆಯ ರೂಟರಿನ ಪುಟ ತೆರೆದು ನನಗೆ ತೋರಿಸಿದ. ಎಲ್ಲಾ ದೀಪ ಹಸಿರು.

"ಲೈನ್ ಸರಿಯಾಗೈತೆ. ಗಾಳಿಗೆ ತಿರುಗಿರ್ತದೆ ಬುಡು."

ಮಾರನೆಯ ದಿನ ಹೋದೆ. ಬೆಳಗಿನಿಂದ ಮೋಡ ಕವಿದು ಸಣ್ಣ ಮಳೆ ಹಿಡಿದಿತ್ತು. ಗದ್ದೆಗಳಲ್ಲಿ ಭತ್ತ ಬಾಗಿ ನಿಂತಿತ್ತು. ಕಬ್ಬಿನ ಗಾಡಿಗಳು ಕೆದಕಿದ ರಸ್ತೆಯಲ್ಲಿ ಸ್ಕೂಟರು ಎರಡು ಸಲ ಜಾರಿತು. ಜಯಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ತಟ್ಟೆತಟ್ಟೆಗಳಲ್ಲಿ ಸಾವಿರಾರು ತಲೆ ಮೇಲೆ ನೋಡುತ್ತಿದ್ದವು. ಅವುಗಳ ಮೇಲೆ ಮೂಲೆಯಲ್ಲಿ ಕ್ಯಾಮೆರಾ.

"ಎಂಗೆ ತಿರುಗ್ತದೆ, ತೋರ್ಸಿ ಅಕ್ಕ" ಎಂದೆ.

"ನೀ ಬಂದಾಗ ಯಾಕ್ ತಿರುಗ್ತದವ್ವ? ಹುಳಾ ನೋಡ್ಲಿ ಅಂತ ಹಾಕ್ಸಿದ್ದು. ಅದು ಹುಳಾ ಬುಟ್ಟು ಕಿಟಕಿ ಕಡೀಕೆ ತಿರುಗ್ಕತದೆ."

ಕಿಟಕಿಯಿಂದ ಕಾಣುವುದು ಅಂಗಳ, ಅಂಗಳದಾಚೆ ಮನೆಯ ಬಾಗಿಲು, ಬಸ್ಸು ನಿಲ್ಲುವ ಅರಳಿಕಟ್ಟೆ.

ಮಗಳು ಚೈತ್ರ ಸೊಪ್ಪಿನ ಹೊರೆ ಇಳಿಸಿ ನಕ್ಕಳು. ಭಾರತೀನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. "ಅವ್ವಂಗೆ ಭ್ರಮೆ ಅಕ್ಕ. ಹುಳಾ ನೋಡಿ ನೋಡಿ ಬೇಜಾರಾಗಿ ಅದೂ ಬಸ್ಸು ಕಾಯ್ತದೆ" ಎಂದಳು. ನಾನೂ ನಕ್ಕೆ. ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಇಬ್ಬರಿಗಷ್ಟೇ ಹೇಳಿ ಬಂದೆ.

ಅದಾದ ಮೇಲೆ ಒಂದು ವಾರ ಏನೂ ಇಲ್ಲ. ಆ ವಾರವೆಲ್ಲ ಸೈಕ್ಲೋನ್ ಮಳೆ, ಗಳಿಗೆಗೊಮ್ಮೆ ಕರೆಂಟು ಹೋಗುತ್ತಿತ್ತು. ಮಳೆ ನಿಂತು ಕರೆಂಟು ಸರಿಯಾದ ದಿನವೇ ಮತ್ತೆ ಫೋನು. ಈ ಸಲ ಮಾಡಿದವಳು ಚೈತ್ರ. ದನಿಯಲ್ಲಿ ನಗು ಇರಲಿಲ್ಲ.

"ಅಕ್ಕ, ನಾನು ಬಸ್ ಇಳಿದೆ. ಅದು ತಿರುಗ್ತು. ಮನೆ ಬಾಗಿಲ ತನಕ ನನ್ ಜೊತೇಲೇ ಬಂತು."

ಮಾರನೆಯ ದಿನ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಮಧ್ಯಾಹ್ನದಿಂದಲೇ ಹುಳುಮನೆಯಲ್ಲಿ ಕೂತೆ. ಜ್ವರದಿಂದೆದ್ದ ಹುಳು ಸೊಪ್ಪು ಕಡಿಯುವ ಸದ್ದು ಎಡೆಬಿಡದೆ ಸುರಿಯುವ ತುಂತುರಿನಂತೆ ಕೇಳುತ್ತಿತ್ತು. ಮನೆಯ ರೂಟರಿನ ಪುಟ ತೆರೆದು ನೋಡಿದೆ. ಎಲ್ಲ ಹಸಿರು, ಎಲ್ಲ ಸರಿ. ಆಮೇಲೆ ಶಿವಲಿಂಗಣ್ಣ ಕಲಿಸಿದಂತೆ ಕಪ್ಪು ಪರದೆ ತೆರೆದು ಟವರಿನ ರೂಟರಿಗೆ ಹೋಗಿ, ಈಗ ಒಳಗೆ ಯಾರಿದ್ದಾರೆ ಎಂದು ಕೇಳುವ ಕಮಾಂಡ್ ಟೈಪ್ ಮಾಡಿದೆ. ಒಂದೇ ಸಾಲು ಬಂತು. ಅದು ನಾನು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಮತ್ತೆ ನಾನೊಬ್ಬಳೇ.

ನಾಲ್ಕು ಗಂಟೆ ದಾಟಿತು. ದೂರದಲ್ಲಿ ಭಾರತೀನಗರದ ಬಸ್ಸಿನ ಹಾರನ್ ಕೇಳಿಸಿತು. ಕಮಾಂಡ್ ಮತ್ತೆ ಕೊಟ್ಟೆ.

ಎರಡು ಸಾಲು.

ಎರಡನೆಯವನ ಹೆಸರು 'ಟೆಸ್ಟ್'. ಅದನ್ನು ಓದಿ ಮುಗಿಸುವಷ್ಟರಲ್ಲಿ ತಲೆಯ ಮೇಲೆ ಸಣ್ಣ ಗುಂಯ್‌ಗುಟ್ಟುವ ಸದ್ದು. ಕ್ಯಾಮೆರಾ ಕಿಟಕಿಯ ಕಡೆ ತಿರುಗಿತು. ಅರಳಿಕಟ್ಟೆಯ ಹತ್ತಿರ ಚೈತ್ರ ಇಳಿಯುತ್ತಿದ್ದಳು. ಅವಳು ನಡೆದಂತೆ ಅದು ಸ್ವಲ್ಪ ಸ್ವಲ್ಪವೇ ತಿರುಗಿತು. ಬಾಗಿಲ ಮುಂದೆ ಅವಳು ಚಪ್ಪಲಿ ಬಿಡುವಾಗ ನಿಂತಿತು. ಅವಳು ಒಳಗೆ ಹೋದ ಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗತೊಡಗಿ, ನನ್ನ ಕಡೆ ಬಂದು, ನಿಂತಿತು. ಪರದೆಯ ಮೇಲಿನ ಎರಡನೆಯ ಸಾಲು ಮಾಯವಾಯಿತು.

ನಾನು ಹೊರಗೆ ಬಂದು ಶಿವಲಿಂಗಣ್ಣನಿಗೆ ಫೋನು ಮಾಡಿದೆ. 'ಟೆಸ್ಟ್' ಎಂದ ಕೂಡಲೇ ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ಅಣ್ಣ, ಇದ್ದೀರಾ?"

"ಇವ್ನಿ ಕಣವ್ವ. ಆ ಟೆಸ್ಟು ಇನ್ನೂ ಐತಾ? ದಸರಾ ರಜದಲ್ಲಿ ಮನೆಯಿಂದ ನೋಡ್ಕಳಕೆ ಅಂತ ಮಾಡಿದ್ದು. ಎಲ್ಲಿಂದ ಬೇಕಾದ್ರೂ ಬರಂಗೆ ತೆಗ್ದಿದ್ದೆ. ಪಾಸ್‌ವರ್ಡೂ ಅದೇ, ಟೆಸ್ಟು. ಕರೆಂಟಿಗೆ ಬಿಟ್ಟಿದ್ದೆನಲ್ಲ!"

ದಸರಾ ಕಳೆದ ಮೇಲೆ ಆ ಟವರಿನ ಕರೆಂಟು ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಟೆಸ್ಟ್ ಯಾಕೆ ಅಳಿಸಿಹೋಗಲಿಲ್ಲ ಎಂಬುದು ಆಫೀಸಿಗೆ ಬಂದ ಮೇಲೆ ತಿಳಿಯಿತು. ಅದೇ ರಜದಲ್ಲಿ ನಂದೀಶ ಮೊಬೈಲಿನಲ್ಲಿ ಆ ಟವರಿನ ಪುಟ ತೆರೆದು, ಟವರಿನ ಹೆಸರಿನಲ್ಲಿದ್ದ ಒಂದು ಅಕ್ಷರ ತಿದ್ದಿ, ನೀಲಿ ಬಣ್ಣದ ಸೇವ್ ಬಟನ್ ಒತ್ತಿದ್ದ. ಆ ಬಟನ್ ಉಳಿಸುವುದು ನಾವು ತಿದ್ದಿದ್ದನ್ನಷ್ಟೇ ಅಲ್ಲ. ಆ ಗಳಿಗೆಯಲ್ಲಿ ಪೆಟ್ಟಿಗೆಯಲ್ಲಿ ಏನೇನು ನಡೆಯುತ್ತಿದೆಯೋ ಅಷ್ಟನ್ನೂ. ಶಿವಲಿಂಗಣ್ಣ ಕರೆಂಟಿಗೆ ಬಿಟ್ಟಿದ್ದ ಬಾಗಿಲಿಗೆ ನಂದೀಶ ಗೊತ್ತಿಲ್ಲದೆ ಗಾರೆ ಹಾಕಿ ನಿಲ್ಲಿಸಿದ್ದ. ಕಮಾಂಡಿನಿಂದ ಮಾಡಿದ ಆ ಹೆಸರು ಪುಟದಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಟವರಿನ ಪೆಟ್ಟಿಗೆಗೆ ಬಂದವನಿಗೆ ಅಲ್ಲಿಂದ ಯಾರ ಮನೆಯ ಪೆಟ್ಟಿಗೆಗಾದರೂ ಇಳಿಯಬಹುದಿತ್ತು. ಎಲ್ಲ ಮನೆಗಳಿಗೂ ನಾವು ಹಾಕಿದ್ದ ಪಾಸ್‌ವರ್ಡ್ ಒಂದೇ. ಮನೆಯ ಪೆಟ್ಟಿಗೆಯ ಒಳಗಿನಿಂದ ಬಂದವನಿಗೆ ಆ ಅಗ್ಗದ ಕ್ಯಾಮೆರಾ ಪಾಸ್‌ವರ್ಡನ್ನೇ ಕೇಳುತ್ತಿರಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳಲಿಲ್ಲ. ಅದು ನನಗೆ ಇನ್ನಷ್ಟು ಭಯ ತಂದಿತು.

ಶಿವಲಿಂಗಣ್ಣ ಆ ಕೂಡಲೇ ಟೆಸ್ಟನ್ನು ತೆಗೆಯಲು ಕೂತರು. ನಂದೀಶ ತಡೆದ. "ಅಣ್ಣ, ಒಂದ್ ವಾರ ಬುಡಿ. ಎಲ್ಲಿಂದ ಬತ್ತಾವ್ನೆ ನೋಡಾನ. ಈಗ ಮುಚ್ಚಿದ್ರೆ ಅವ್ನು ಸಿಕ್ಕಲ್ಲ." ಬರುವವನ ಇಂಟರ್ನೆಟ್ ವಿಳಾಸ ನಾನು ನೋಡಿದ ಎರಡನೆಯ ಸಾಲಿನಲ್ಲೇ ಇತ್ತು. ಅದು ಯಾವುದೋ ದೇಶದ್ದಲ್ಲ. ನಮ್ಮದೇ ಕಂಪನಿಯದು. ಮದ್ದೂರು ಕಡೆಯ ಅಷ್ಟೂ ಮನೆಗಳು ಹೊರಗೆ ಹೋಗುವುದು ಆ ಒಂದೇ ವಿಳಾಸದ ಹಿಂದಿನಿಂದ. ಅದರ ಹಿಂದೆ ಯಾವ ಮನೆ ಎಂದು ಗುರುತು ಹಾಕಿಡುವ ಏರ್ಪಾಟು ಇದೆ. ಪೆಟ್ಟಿಗೆ ತುಂಬಿಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಅದನ್ನು ಶುರುಮಾಡಿರಲಿಲ್ಲ. ಈಗ ಶುರುಮಾಡಿ, ಬಾಗಿಲು ತೆರೆದೇ ಇಟ್ಟು ಕಾದರೆ ಸಿಗುತ್ತಾನೆ ಎಂಬುದು ನಂದೀಶನ ಮಾತು. ಅದು ಸುಳ್ಳೂ ಆಗಿರಲಿಲ್ಲ.

ನಾನು ಜಯಮ್ಮನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸ್ಪೀಕರ್ ಹಾಕಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಇನ್ನೊಂದ್ ವಾರ ಅವ್ನು ನನ್ ಮಗಳ್ನ ನೋಡ್ಲಿ ಅಂತೀರಾ?"

"ಹಂಗಲ್ಲಮ್ಮ, ಹಿಡಿಯಕೆ..." ಎಂದ ನಂದೀಶ.

"ಗಾಳಕ್ಕೆ ಎರೆಹುಳ ಬೇಕಾದ್ರೆ ನಿಮ್ಮನೆಯೋರ್ನ ಕಟ್ಕಳಪ್ಪ. ನನ್ ಮಗಳಲ್ಲ."

ಶಿವಲಿಂಗಣ್ಣ ಬಾಗಿಲು ಮುಚ್ಚಿದರು. ಮುಚ್ಚುವ ಮೊದಲು, ಜಯಮ್ಮನ ಮನೆಯ ರೂಟರಿನಲ್ಲಿ ಅವನು ಟೈಪ್ ಮಾಡಿದ್ದ ಕಮಾಂಡುಗಳ ಪಟ್ಟಿಯನ್ನು, ಕರೆಂಟು ಹೋದರೂ ಅಳಿಯದೆ ಉಳಿಯುವಂಥದ್ದು, ತೆರೆದು ಓದಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಕ್ಯಾಮೆರಾಗೆ ದಾರಿ ಮಾಡಿಕೊಂಡಿದ್ದ, ನೋಡಿ ಹೋಗಿದ್ದ, ಮತ್ತೆ ಬಂದು ಮತ್ತೆ ಅದೇ ದಾರಿ ಮಾಡಿಕೊಂಡಿದ್ದ. ಶಿವಲಿಂಗಣ್ಣನ ಬೆರಳು ಪರದೆಯ ಮೇಲೆ ಇಳಿಯುತ್ತ ಇಳಿಯುತ್ತ ನಿಂತಿತು.

"ಸೇವ್ ಎಲ್ಲವ್ವ?"

"ಇಲ್ಲ ಅಣ್ಣ."

"ಒಂದ್ಸಲಾನೂ ಮಾಡಿಲ್ಲ. ಬೇರೆ ಕಳ್ಳ ಆಗಿದ್ರೆ ಸೇವ್ ಮಾಡ್ಕಂಡು ಆರಾಮಾಗಿರ್ತಿದ್ದ. ಇವ್ನು ಕರೆಂಟಿಗೆ ಬಿಟ್ಟು ಬಿಟ್ಟು ಓಗವ್ನೆ. ಕರೆಂಟ್ ಹೋದ್ರೆ ಅವ್ನು ತೆಗ್ದ ದಾರಿ ಗುರ್ತೇ ಇರಲ್ಲ. ಮತ್ತೆ ಬತ್ತಾನೆ, ಮತ್ತೆ ತೆಗೀತಾನೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ನನ್ ಹತ್ರ ಕಲ್ತಿರೋ ಕೈ."

ಮಳೆಯ ವಾರ ಕ್ಯಾಮೆರಾ ಯಾಕೆ ಸುಮ್ಮನಿತ್ತು ಎಂದು ಆಗ ಅರ್ಥವಾಯಿತು. ಆ ಮನೆಯ ರೂಟರಿಗೆ ಬ್ಯಾಟರಿ ಇರಲಿಲ್ಲ. ಕರೆಂಟು ಹೋದಾಗಲೆಲ್ಲ ಅವನ ದಾರಿ ಅಳಿಸಿಹೋಗುತ್ತಿತ್ತು. ಅವನು ತಾಳ್ಮೆಯಿಂದ ಕಾದಿದ್ದ.

ಶಿವಲಿಂಗಣ್ಣ ತಮ್ಮ ಹತ್ತಿರ ಕೆಲಸ ಕಲಿತುಹೋದವರ ಹೆಸರು ಹೇಳುತ್ತ ಬೆರಳು ಮಡಚಿದರು. ಒಬ್ಬ ಮಳವಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು. ಒಬ್ಬ ಮಂಡ್ಯದಲ್ಲಿ ಕ್ಯಾಮೆರಾ ಹಾಕುವವನು. ಒಬ್ಬ ಸಕ್ಕರೆ ಕಾರ್ಖಾನೆ ಸೇರಿದವನು. ಒಬ್ಬ ಆಟೋ ಓಡಿಸುವವನು. ಎರಡೂ ಕೈಯ ಬೆರಳು ಮುಗಿದವು. ಮತ್ತೆ ಮೊದಲಿನಿಂದ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿದರು. "ಎಲ್ರೂ ಒಳ್ಳೆ ಹುಡುಗ್ರೇ ಕಣವ್ವ" ಎಂದರು. ಯಾರನ್ನು ಸಮಾಧಾನ ಮಾಡಲು ಹಾಗಂದರೋ.

ಪೊಲೀಸರಿಗೆ ಅರ್ಜಿ ಕೊಟ್ಟೆವು. ಯಾವ ಮನೆಯಿಂದ ಬಂದಿದ್ದಾನೆ ಎಂದು ಅವರು ಕೇಳಿದರು. ಅದೇ ನಮಗೂ ಗೊತ್ತಿರಲಿಲ್ಲ. ಎಲ್ಲ ಮನೆಗಳ ಪಾಸ್‌ವರ್ಡ್ ಬದಲಿಸಿದೆವು. ಅದಕ್ಕೆ ಡಿಸೆಂಬರಿನ ಅರ್ಧ ಹಿಡಿಯಿತು.

ಜಯಮ್ಮನ ಮನೆಯಲ್ಲಿ ಬೇರೆ ಮಾತು ಶುರುವಾಗಿತ್ತು. ಚೈತ್ರಳ ಚಿಕ್ಕಪ್ಪ ಬಂದು ಜಗುಲಿಯಲ್ಲಿ ಕೂತಿದ್ದರು, ಎಲ್ಲರಿಗಿಂತ ಮೊದಲು ಅವರ ಮನೆಗೆ ನಾನು ಹೊಸ ಪಾಸ್‌ವರ್ಡ್ ಹಾಕಲು ಹೋದ ದಿನ. "ಓದಿದ್ದು ಸಾಕು ಅತ್ತಿಗೆ. ನಾಳೆ ಏನಾದ್ರೂ ಆದ್ರೆ ಯಾರ್ ಒಣೆ? ಮನೇಲಿರ್ಲಿ" ಎನ್ನುತ್ತಿದ್ದರು.

ಜಯಮ್ಮ ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಹಣ್ಣಾದ ಹುಳು ಬಿಡುತ್ತಿದ್ದರು, ತಲೆ ಎತ್ತಲಿಲ್ಲ. "ಜನವರೀಲಿ ಅವ್ಳ ಪರೀಕ್ಷೆ. ಅವ್ಳು ಓಗ್ತಾಳೆ. ನೋಡೋನ ಕಣ್ಣಿಗೆ ಮಣ್ ಬೀಳ್ಲಿ, ನನ್ ಮಗಳ ಓದ್ಗೆ ಯಾಕೆ?"

"ನಾ ಯೋಳದು ಯೋಳಿವ್ನಿ."

"ಯೋಳಿದ್ದಾಯ್ತಲ್ಲ, ಕಾಪಿ ಕುಡ್ದು ಓಗು ಮೈದ."

ಚೈತ್ರ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅವಳು ಏಣಿ ಹಿಡಿದುಕೊಂಡಳು, ನಾನು ಕ್ಯಾಮೆರಾ ಬಿಚ್ಚಿ ಕೆಳಗಿಳಿಸಿದೆ. ಹಳೇ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿದಳು. ಆ ದಿನ ನಾನು ದಿನಚರಿಯಲ್ಲಿ 'ಸರಿಯಾಯಿತು' ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಬೇಕಾಯಿತು.

ಡಿಸೆಂಬರಿನ ಕೊನೆಯ ವಾರ. ಮಧ್ಯಾಹ್ನದ ಬಿಸಿಲಿದ್ದರೂ ಚಳಿ ಬಿಟ್ಟಿರಲಿಲ್ಲ. ಭಾರತೀನಗರದ ಬಸ್ ಸ್ಟ್ಯಾಂಡಿನಲ್ಲಿ ಗೆಳತಿಯರ ಜೊತೆ ನಿಂತಿದ್ದ ಚೈತ್ರಳ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ನಾಲ್ಕೇ ಮಾತು.

"ಕ್ಯಾಮೆರಾ ಯಾಕೆ ತೆಗೆದ್ರಿ ಚೈತ್ರ?"

ಅವಳು ಆ ಬಸ್ಸು ಹತ್ತಲಿಲ್ಲ. ಮುಂದಿನದನ್ನೂ ಹತ್ತಲಿಲ್ಲ. ನನಗೆ ಫೋನು ಮಾಡಿದಳು. ನಾನು ಹೋಗುವಷ್ಟರಲ್ಲಿ ಗೆಳತಿಯರೆಲ್ಲ ಹೋಗಿದ್ದರು. ಜೆರಾಕ್ಸ್ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು, ಬ್ಯಾಗು ಎದೆಗೆ ಹಿಡಿದು ನಿಂತಿದ್ದಳು. ಸ್ಟ್ಯಾಂಡಿನ ತುಂಬ ಜನ. ಕಬ್ಬಿನ ತೂಕಕ್ಕೆ ಬಂದವರು, ಕಾಲೇಜಿನವರು, ಕಡಲೆಕಾಯಿ ಮಾರುವವರು. ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಆ ನಂಬರಿಗೆ ನಾನು ಫೋನು ಮಾಡಿದೆ. ಸ್ವಿಚ್ ಆಫ್. ಆಮೇಲೆ ಪೊಲೀಸರು ಹುಡುಕಿದಾಗ ಆ ಸಿಮ್ಮು ಇನ್ಯಾರೋ ಮುದುಕರ ಹೆಸರಿನಲ್ಲಿತ್ತು. ಅವರಿಗೆ ಅಂಥದೊಂದು ಸಿಮ್ಮು ಇರುವುದೇ ತಿಳಿದಿರಲಿಲ್ಲ.

ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಊರು ಹತ್ತಿರವಾದಾಗ ಹೇಳಿದಳು:

"ಅಕ್ಕ, ಅವ್ನಿಗೆ ನಾನು ಗೊತ್ತು. ನಂಗೆ ಅವ್ನು ಗೊತ್ತಿಲ್ಲ. ಬಸ್ಸಲ್ಲಿ ಪಕ್ಕ ನಿಂತಿರೋನು ಅವ್ನೇ ಇರ್ಬೋದು. ಇಳಿಯಕೆ ಜಾಗ ಬುಡಿ ಅಂತ ನಾನೇ ಅವ್ನಿಗೆ ಯೋಳಿರ್ಬೋದು."

ಈ ಸಲ ಚಿಕ್ಕಪ್ಪ ಏನೂ ಹೇಳಬೇಕಾಗಲಿಲ್ಲ, ಜಯಮ್ಮ ಅವರ ಬಾಯಿ ಮುಚ್ಚಿಸಬೇಕಾಗಲಿಲ್ಲ. ಚೈತ್ರ ತಾನೇ ಕಾಲೇಜು ನಿಲ್ಲಿಸಿದಳು. ಜನವರಿಯಲ್ಲಿ ಪರೀಕ್ಷೆ ನಡೆಯಿತು, ಅವಳು ಬರೆಯಲಿಲ್ಲ. ಇಲ್ಲಿ ಹೆಸರು ಬರೆಯಲಾಗದ ಒಂದು ಊರಿನಲ್ಲಿರುವ ದೊಡ್ಡಮ್ಮನ ಮನೆಗೆ ಹೋದಳು. ಮೊಬೈಲನ್ನು ತಾಯಿಗೇ ಕೊಟ್ಟು ಹೋದಳು. ಅವಳನ್ನು ಬಿಟ್ಟು ಬಂದ ದಿನ ಜಯಮ್ಮ ಹುಳುಮನೆಯ ಮೆಟ್ಟಿಲ ಮೇಲೆ ಕೂತು, "ಗೂಡು ಕಳ್ತನ ಆದ್ರೆ ಇನ್ನೊಂದ್ ಬೆಳೆ ತೆಗೀಬೋದಿತ್ತು ಕಣವ್ವ. ನಾನ್ಯಾಕೆ ಆ ಕಣ್ಣು ತಂದು ಗೋಡೆಗೆ ಇಕ್ಕಿದ್ನೋ" ಎಂದರು.

ನಾನು ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ. ಶಿವಲಿಂಗಣ್ಣ ತಾತ್ಕಾಲಿಕವಾಗಿ ಏನೇ ಟೈಪ್ ಮಾಡಿದರೂ ಕೂತಲ್ಲೇ ಅಳಿಸುತ್ತಾರೆ. ನಂದೀಶ ಸೇವ್ ಒತ್ತುವ ಮೊದಲು ಅವರನ್ನು ಕೂಗಿ ಕೇಳುತ್ತಾನೆ. ಯಾವುದು ಒಳ್ಳೆಯದು ಎಂಬ ಜಗಳ ನಿಂತಿದೆ. ಪುಟ, ತಾನು ತೋರಿಸಬೇಕೆಂದುಕೊಂಡದ್ದನ್ನೇ ತೋರಿಸುತ್ತದೆ. ಕಪ್ಪು ಪರದೆ ಎಲ್ಲವನ್ನೂ ತೋರಿಸುತ್ತದೆ, ಆದರೆ ಕೇಳಬೇಕೆಂದು ಹೊಳೆದವರಿಗೆ ಮಾತ್ರ. ನಾನು ದಿನಕ್ಕೆ ಆರೇಳು ಮನೆ ಹತ್ತಿ ಇಳಿಯುತ್ತೇನೆ. ಕುರ್ಚಿ ಹಾಕುತ್ತಾರೆ, ಟೀ ಕೊಡುತ್ತಾರೆ, "ಸ್ಪೀಡೇ ಬರಲ್ಲ ಕಣಮ್ಮ ನಿಮ್ದು" ಎಂದು ಬೈಯುತ್ತಾರೆ. ಮನೆಯ ಗಂಡಸರು ರೂಟರ್ ತೋರಿಸುವಾಗ ಅವರ ಕೈಬೆರಳು ನೋಡುತ್ತೇನೆ. ಅವನು ನಮ್ಮ ಗಿರಾಕಿ. ತಿಂಗಳಿಗೊಮ್ಮೆ ಅವನ ಮನೆಗೂ ಯಾರೋ ನಮ್ಮವರು ಹೋಗಿ ಬರುತ್ತಾರೆ.

ಬಸರಾಳಿನಿಂದ ಬಂದ ಮಾರನೆಯ ದಿನ ಚೈತ್ರಳನ್ನು ನೋಡಲು ಹೋದೆ. ದೊಡ್ಡಮ್ಮನ ಜೊತೆ ಕಳೆ ಕೀಳುತ್ತಿದ್ದಳು. ಕೈ ತೊಳೆದು ಬಂದು ಕೂತಳು. ಈ ಬರಹದಲ್ಲಿ ಹೆಸರು ಬದಲಿಸುತ್ತೇನೆ ಎಂದೆ. "ಬದಲಿಸ್ಬೇಡಿ ಅಕ್ಕ, ಅವ್ನಿಗೆ ಹೆಂಗೂ ಗೊತ್ತು" ಎಂದಳು. ಮತ್ತೆ ಕಾಲೇಜಿಗೆ ಯಾವಾಗ ಎಂದು ಕೇಳಿದೆ. "ಅವ್ನ ಮುಖ ಒಂದ್ಸಲ ಗೊತ್ತಾಗ್ಲಿ. ಜೈಲಿಗೆ ಹೋಗ್ದಿದ್ರೂ ಪರವಾಗಿಲ್ಲ. ಇವ್ನಲ್ಲ, ಇವ್ನಲ್ಲ ಅಂತ ಮಿಕ್ಕೋರ್ನೆಲ್ಲ ಬುಟ್ಟುಬುಡ್ಬೋದಲ್ಲ. ಅವತ್ತೇ ಬಸ್ ಹತ್ತೀನಿ" ಎಂದಳು.

ಮದ್ದೂರು, ಮಳವಳ್ಳಿ, ಮಂಡ್ಯ ಕಡೆಯಲ್ಲಿ ಲೈನಿನ ಕೆಲಸ ಮಾಡಿದವರು, ಯಾವ ಆಫೀಸಿನಲ್ಲಿ ಕಲಿತವರಾದರೂ ಸರಿ, ಇದನ್ನು ಓದಿದರೆ ಸ್ವಲ್ಪ ಯೋಚಿಸಿ. ಆ ನವೆಂಬರಿನಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಕೈಲಿದ್ದ ಕೆಲಸ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ ಯಾರನ್ನಾದರೂ ಕಂಡಿದ್ದರೆ, ಯಾರದೋ ಪರದೆಯ ಮೇಲೆ ಹುಳುಮನೆಯ ಕಿಟಕಿ ಕಂಡಿದ್ದರೆ, ತಮಾಷೆಗೆಂದು ಯಾರಾದರೂ ನಿಮಗೆ ತೋರಿಸಿದ್ದರೆ, ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ನಿಮ್ಮ ಹೆಸರು ಬೇಡ. ಅವನ ಹೆಸರು ಸಾಕು. ನಾನು ಅದನ್ನು ಚೈತ್ರಳಿಗೆ ತಲುಪಿಸುತ್ತೇನೆ.